ಗಾಳಕ್ಕೊಂದು ನ್ಯಾಯ, ಬಲೆಗೊಂದು ನ್ಯಾಯ

2010ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಾಂತ್ಯದ ಕೋರ್ಟೊಂದರಲ್ಲಿ ಆಂಟ್ವಾನ್ ಗೊಯೆಚೆಲ್ ಎಂಬ ವಕೀಲರು ಮೀನೊಂದರ ಪರವಾಗಿ ವಾದ ಮಂಡಿಸಿದರು. ಕಕ್ಷಿದಾರ ಸುಮಾರು ಹತ್ತು ಕಿಲೋ ತೂಗುತ್ತಿದ್ದ ಪೈಕ್ ಮೀನು. ವಿಚಾರಣೆಯ ಹೊತ್ತಿಗೆ ಅದು ಬದುಕಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಗಾಳ ಹಾಕಿದ್ದ ಹವ್ಯಾಸಿಯೊಬ್ಬ ಅದನ್ನು ಸರೋವರದಿಂದ ಮೇಲೆಳೆಯಲು ಹತ್ತು ನಿಮಿಷ ಸೆಣಸಿದ್ದ. ಆ ಸಾಹಸ ಊರಿನ ಪತ್ರಿಕೆಯಲ್ಲಿ ಬಂತು. ಓದಿದ ಪ್ರಾಣಿದಯಾ ಕಾರ್ಯಕರ್ತರು ದೂರು ಕೊಟ್ಟರು: ಹತ್ತು ನಿಮಿಷ ಬಾಯಿಗೆ ಕೊಕ್ಕೆ ಸಿಕ್ಕಿಸಿ ಎಳೆದಾಡಿದ್ದು ಹಿಂಸೆಯಲ್ಲವೇ?

ಗೊಯೆಚೆಲ್ ಸ್ವಂತ ಉತ್ಸಾಹಕ್ಕೆ ಬಂದವರಲ್ಲ. ಜ್ಯೂರಿಕ್‌ನಲ್ಲಿ 1992ರಿಂದಲೂ ಪ್ರಾಣಿಗಳ ಪರ ವಾದಿಸಲು ಸರ್ಕಾರವೇ ನೇಮಿಸುವ ವಕೀಲರಿದ್ದರು. 2007ರಿಂದ ಆ ಹುದ್ದೆ ಇವರದಾಗಿತ್ತು. ಸಾಮಾನ್ಯವಾಗಿ ಅವರ ಮೇಜಿಗೆ ಬರುತ್ತಿದ್ದದ್ದು ನಾಯಿ, ಹಸುಗಳ ಪ್ರಕರಣಗಳು. ಮೀನಿನ ಈ ಕೇಸು ಜಗತ್ತಿನ ಪತ್ರಿಕೆಗಳಲ್ಲೆಲ್ಲ ನಗುವಿಗೆ ವಸ್ತುವಾಯಿತು. ಗಾಳಗಾರ ಖುಲಾಸೆಯಾದ. ಕೆಲವೇ ದಿನಗಳಲ್ಲಿ, ಮಾರ್ಚ್ 7ರಂದು, ಇಂಥ ವಕೀಲರು ದೇಶದ ಎಲ್ಲ ಪ್ರಾಂತ್ಯಗಳಲ್ಲೂ ಇರಬೇಕೇ ಎಂದು ಜನಮತ ಕೇಳಲಾಯಿತು. ಶೇಕಡಾ 70ರಷ್ಟು ಜನ ಬೇಡವೆಂದರು. ವರ್ಷ ಕಳೆಯುವಷ್ಟರಲ್ಲಿ ಜ್ಯೂರಿಕ್‌ನಲ್ಲಿದ್ದ ಹುದ್ದೆಯೂ ರದ್ದಾಯಿತು.

ಇಷ್ಟಾದರೂ ಆ ಮೀನು ಪೂರ್ತಿ ಸೋಲಲಿಲ್ಲ. 2008ರ ಸ್ವಿಸ್ ನಿಯಮಗಳ ಪ್ರಕಾರ, ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಡುವ ಉದ್ದೇಶದಿಂದಲೇ ಗಾಳ ಹಾಕುವಂತಿಲ್ಲ. ತಿನ್ನುವುದಕ್ಕೆಂದೇ ಹಿಡಿಯಬೇಕು. ನಮಗೆ ಇದು ತಲೆಕೆಳಗಾದ ದಯೆಯಂತೆ ಕಾಣಬಹುದು. ಬಿಟ್ಟುಬಿಡುವವನು ಅಪರಾಧಿ, ಹುರಿದು ತಿನ್ನುವವನು ನಿರಪರಾಧಿ! ಇದರ ಹಿಂದಿನ ತರ್ಕ ಜರ್ಮನಿಯ 1972ರ ಪ್ರಾಣಿ ಸಂರಕ್ಷಣಾ ಕಾಯ್ದೆಯಲ್ಲೂ ಇದೆ: ಬೆನ್ನೆಲುಬಿರುವ ಯಾವ ಪ್ರಾಣಿಯನ್ನೂ ಸಕಾರಣವಿಲ್ಲದೆ ಕೊಲ್ಲಬಾರದು, ನೋಯಿಸಬಾರದು. ಹಸಿವು ಸಕಾರಣ, ಮೋಜು ಅಲ್ಲ. ಮೀನು ತಿನ್ನುವುದರ ನೈತಿಕತೆಯ ಬಗ್ಗೆ ಯುರೋಪಿನಲ್ಲಿ ಎರಡು ಶತಮಾನಗಳಿಂದ ನಡೆದ ಜಗಳವೆಲ್ಲ ಈ ಎರಡು ಪದಗಳ ನಡುವಿನ ಓಣಿಯಲ್ಲೇ ಸುತ್ತಿದೆ. ಗಾಳ ಹಿಡಿದ ಮನುಷ್ಯನನ್ನು ಕಟಕಟೆಗೆ ತಂದು ನಿಲ್ಲಿಸಿದರು. ಬಲೆ ಎಳೆಯುವ ಹಡಗು ಕೋರ್ಟಿನ ಮೆಟ್ಟಿಲು ಹತ್ತಲೇ ಇಲ್ಲ. ಈ ಚರಿತ್ರೆ ಓದುವಾಗ ನನಗೆ ಎದ್ದು ಕಾಣುವುದು ಇದೇ.

ಜಗಳ ಶುರುವಾದದ್ದು ಇಂಗ್ಲೆಂಡಿನಲ್ಲಿ. ಐಸಾಕ್ ವಾಲ್ಟನ್ 1653ರಲ್ಲಿ ಗಾಳಗಾರಿಕೆಯ ಬಗ್ಗೆ ಪ್ರಕಟಿಸಿದ ಪುಸ್ತಕ ಆ ದೇಶಕ್ಕೆ ಗಾಳವೆಂದರೆ ಶಾಂತಿ, ನದೀತೀರ, ಸಜ್ಜನಿಕೆ ಎಂಬ ಭಾವನೆಯನ್ನು ಕೊಟ್ಟಿತ್ತು. ಕವಿ ಬೈರನ್‌ಗೆ ಆ ಸಜ್ಜನಿಕೆ ಕಂಡರಾಗದು. 1823ರಲ್ಲಿ ಹೊರಬಂದ ಡಾನ್ ಜುವಾನ್ ಕಾವ್ಯದ ಸರ್ಗವೊಂದರಲ್ಲಿ ಅವನು ವಾಲ್ಟನ್ನನ ಗಂಟಲಿಗೇ ಗಾಳ ಸಿಕ್ಕಿಸಬೇಕು ಎಂಬರ್ಥದಲ್ಲಿ ಛೇಡಿಸಿದ. ಅದಕ್ಕೆ ಒಂದು ವರ್ಷ ಮೊದಲು, 1822ರಲ್ಲಿ, ರಿಚರ್ಡ್ ಮಾರ್ಟಿನ್ ಎಂಬ ಐರಿಶ್ ಸಂಸದ ಪ್ರಾಣಿಹಿಂಸೆಯ ವಿರುದ್ಧ ಕಾಯ್ದೆ ಮಾಡಿಸಿದ್ದ. ಅದರಲ್ಲಿ ದನ, ಕುದುರೆ, ಕುರಿಗಳಿದ್ದವು. 1824ರಲ್ಲಿ ಹುಟ್ಟಿದ ಪ್ರಾಣಿದಯಾ ಸಂಘಕ್ಕೆ ಹದಿನಾರು ವರ್ಷಗಳಲ್ಲಿ ರಾಣಿಯ ಕೃಪೆ ದೊರೆತು ಅದು ‘ರಾಯಲ್’ ಆಯಿತು. ಅಂಥ ಸಂಘ ಶ್ರೀಮಂತರ ಬೇಟೆಯನ್ನೂ ಮಧ್ಯಮವರ್ಗದ ಗಾಳವನ್ನೂ ಮುಟ್ಟುವ ಗೋಜಿಗೆ ಹೋಗಲಿಲ್ಲ. ಗಾಡಿ ಎಳೆಯುವ ಕುದುರೆಗೆ ಬಾರಿಸುವ ಬಡವನನ್ನು ಹಿಡಿಯುವುದು ಸುಲಭವಿತ್ತು.

ಊಟದ ತಟ್ಟೆಯ ಬಗ್ಗೆ ಯೋಚಿಸಿದವರು ಬೇರೆ ಜನ. ಕಾನೂನು ಓದಲು 1888ರಲ್ಲಿ ಲಂಡನ್ನಿಗೆ ಹೋದ ಗಾಂಧಿ ಅಲ್ಲಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಹೆನ್ರಿ ಸಾಲ್ಟ್ ಬರೆದ ಪುಸ್ತಕ ಕೊಂಡು ಓದಿದ್ದು ಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಸಂಗತಿಯೂ ಅವರ ಆತ್ಮಕಥೆಯಲ್ಲಿದೆ. ಮಾಂಸ ಎಂದರೆ ಏನು ಎಂಬುದಕ್ಕೆ ಇಂಗ್ಲೆಂಡಿನ ಸಸ್ಯಾಹಾರಿಗಳಲ್ಲಿ ಮೂರು ಬಗೆಯ ತಿಳಿವಳಿಕೆ ಇತ್ತಂತೆ. ಮೊದಲನೆಯ ಗುಂಪಿಗೆ ಹಕ್ಕಿ ಮತ್ತು ಮೃಗಗಳ ಮಾಂಸ ಮಾತ್ರ ಮಾಂಸ. ಅವರು ಮೀನು ತಿನ್ನುತ್ತಿದ್ದರು. ಎರಡನೆಯವರಿಗೆ ಮೀನು ವರ್ಜ್ಯ, ಮೊಟ್ಟೆ ಅಲ್ಲ. ಮೂರನೆಯವರಿಗೆ ಮೊಟ್ಟೆ, ಹಾಲೂ ವರ್ಜ್ಯ. ತಾಯಿಗೆ ಮಾತು ಕೊಟ್ಟು ಬಂದಿದ್ದ ಗಾಂಧಿ, ತಾಯಿ ಏನನ್ನು ಮಾಂಸ ಎಂದುಕೊಂಡಿದ್ದಳೋ ಅದೇ ತನಗೆ ಕಟ್ಟುಪಾಡು ಎಂದು ತೀರ್ಮಾನಿಸಿದರು. ದಯೆಯ ಹೆಸರಿನಲ್ಲೇ ಸಂಘ ಕಟ್ಟಿಕೊಂಡವರ ನಡುವೆಯೂ ಮೀನಿಗೆ ಖಾಯಂ ಸ್ಥಾನವಿರಲಿಲ್ಲ.

ಮುಂದಿನ ಎಂಬತ್ತು ವರ್ಷಗಳನ್ನು ಹಾರಿಸಿಬಿಡಬಹುದು, ಮೀನಿನ ಮಟ್ಟಿಗೆ ಹೆಚ್ಚೇನೂ ಘಟಿಸಲಿಲ್ಲ. 1970ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಕೆಲವು ತರುಣರು ಪ್ರಾಣಿಗಳ ಪ್ರಶ್ನೆಯನ್ನು ದಯೆಯ ಅಂಗಳದಿಂದ ಎತ್ತಿ ನ್ಯಾಯದ ಅಂಗಳದಲ್ಲಿಟ್ಟರು. ಅವರಲ್ಲೊಬ್ಬರಾದ ಮನಶ್ಶಾಸ್ತ್ರಜ್ಞ ರಿಚರ್ಡ್ ರೈಡರ್ 1977ರಲ್ಲಿ ಅದೇ ರಾಯಲ್ ಸಂಘದ ಆಡಳಿತ ಮಂಡಳಿಯ ಅಧ್ಯಕ್ಷರೂ ಆದರು. ಆಕ್ಸ್‌ಫರ್ಡ್‌ನಲ್ಲಿ ಓದಿದ್ದ ಆಸ್ಟ್ರೇಲಿಯಾದ ಪೀಟರ್ ಸಿಂಗರ್ 1975ರಲ್ಲಿ ‘ಅನಿಮಲ್ ಲಿಬರೇಶನ್’ ಪುಸ್ತಕ ತಂದರು. ನೋವು ಅನುಭವಿಸಬಲ್ಲ ಪ್ರಾಣಿಗೆ ನ್ಯಾಯದಲ್ಲಿ ಪಾಲಿದೆ ಎಂದಾದಮೇಲೆ ಗೆರೆ ಎಲ್ಲಿ ಎಳೆಯಬೇಕು? ಸಿಂಗರ್ ಆ ಗೆರೆಯನ್ನು ಸಿಗಡಿ ಮತ್ತು ಸಿಂಪಿಯ ನಡುವೆ ಎಲ್ಲೋ ಎಳೆದರು. ಮೀನು ಗೆರೆಯ ಒಳಗೆ ಬಂತು. 1990ರ ಪರಿಷ್ಕೃತ ಮುದ್ರಣದಲ್ಲಿ ಸಿಂಪಿ, ಚಿಪ್ಪುಜೀವಿಗಳ ಬಗ್ಗೆಯೂ ಅವರಿಗೆ ಅನುಮಾನ ಬಂದು, ಖಚಿತವಿಲ್ಲದಿದ್ದರೆ ತಿನ್ನದಿರುವುದೇ ಮೇಲು ಎಂಬ ಕಡೆಗೆ ವಾಲಿದರು.

ಅದೇ 1970ರ ದಶಕದಲ್ಲಿ ರಾಯಲ್ ಸಂಘ ಬಂದೂಕಿನ ಬೇಟೆ ಮತ್ತು ಗಾಳಗಾರಿಕೆಯ ವಿಚಾರಣೆಗೆಂದು ಸಮಿತಿಯೊಂದನ್ನು ನೇಮಿಸಿತ್ತು. ಅಧ್ಯಕ್ಷರು ಲಾರ್ಡ್ ಮೆಡ್ವೇ. ಬೋರ್ನಿಯೋ, ಮಲಯಗಳಲ್ಲಿ ಕೆಲಸ ಮಾಡಿದ್ದ ಪ್ರಾಣಿಶಾಸ್ತ್ರಜ್ಞರು, ಬೀದಿಯಲ್ಲಿ ಘೋಷಣೆ ಕೂಗುವ ಜಾತಿಯವರಲ್ಲ. ಬೆನ್ನೆಲುಬಿರುವ ಪ್ರಾಣಿಗಳೆಲ್ಲವೂ, ಮೀನೂ ಸೇರಿದಂತೆ, ಒಂದಲ್ಲ ಒಂದು ಮಟ್ಟದಲ್ಲಿ ನೋವು ಅನುಭವಿಸಬಲ್ಲವು ಎಂದು ಅವರ ಸಮಿತಿ ಹೇಳಿತು. ಗಾಳಗಾರರು ಕೆಂಡವಾದರು. ಸಮಿತಿಯ ಬಳಿ ತರ್ಕವಿತ್ತು, ಅಂಗರಚನೆಯ ಹೋಲಿಕೆಯಿತ್ತು. ಪ್ರಯೋಗದ ಪುರಾವೆ ಸಾಲದಾಗಿತ್ತು.

ಅದು ಬಂದದ್ದು 2003ರಲ್ಲಿ, ಎಡಿನ್‌ಬರೋ ಬಳಿಯ ರೋಸ್ಲಿನ್ ಸಂಸ್ಥೆಯಿಂದ. ಡಾಲಿ ಎಂಬ ತದ್ರೂಪಿ ಕುರಿ ಹುಟ್ಟಿದ ಜಾಗದಿಂದ. ಲಿನ್ ಸ್ನೆಡನ್, ವಿಕ್ಟೋರಿಯಾ ಬ್ರೇಥ್‌ವೇಟ್ ಮತ್ತು ಮೈಕೆಲ್ ಜೆಂಟಲ್ ಎಂಬ ಮೂವರು ಟ್ರೌಟ್ ಮೀನಿಗೆ ಅರಿವಳಿಕೆ ಕೊಟ್ಟು ಅದರ ಮುಖದ ನರಗಳನ್ನು ಪರೀಕ್ಷಿಸಿದರು. ಮುಖ, ತಲೆಗಳ ಮೇಲೆ 58 ಸಂವೇದನಾ ಬಿಂದುಗಳು ಸಿಕ್ಕವು. ಅವುಗಳಲ್ಲಿ ಕನಿಷ್ಠ 22 ಹಾನಿಕಾರಕ ಚೋದನೆಗೆ, ಅಂದರೆ ಚುಚ್ಚು, ಬಿಸಿ, ಆಮ್ಲಗಳಿಗೆ, ಮಿಡಿಯುವಂಥವು. ಬಾಯಿಯ ಸುತ್ತ ಅವು ದಟ್ಟವಾಗಿದ್ದವು ಎಂಬುದು ಗಾಳಗಾರರಿಗೆ ಕೇಳಲು ಹಿತವಾದ ಸುದ್ದಿಯಲ್ಲ.

ನರ ಮಿಡಿದ ಮಾತ್ರಕ್ಕೆ ಅದು ನೋವಲ್ಲ. ಬಿಸಿ ಬಾಣಲೆಗೆ ತಾಗಿದ ನಮ್ಮ ಕೈ ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಹಿಂದೆ ಸರಿಯುತ್ತದೆ. ಹಾಗಾಗಿ ಅವರು ಎಚ್ಚರವಿದ್ದ ಮೀನುಗಳ ನಡವಳಿಕೆಯನ್ನೂ ನೋಡಿದರು. ಕೆಲವು ಟ್ರೌಟ್‌ಗಳ ತುಟಿಗೆ ಜೇನ್ನೊಣದ ವಿಷ, ಕೆಲವಕ್ಕೆ ಅಸಿಟಿಕ್ ಆಮ್ಲ, ಇನ್ನು ಕೆಲವಕ್ಕೆ ಬರೀ ಉಪ್ಪುನೀರು ಚುಚ್ಚಿದರು. ಉಪ್ಪುನೀರಿನವು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಮೇವಿಗೆ ಮರಳಿದವು. ವಿಷ, ಆಮ್ಲದವು ಹತ್ತಿರ ಹತ್ತಿರ ಮೂರು ಗಂಟೆ ಮೇವು ಮುಟ್ಟಲಿಲ್ಲ. ತೊಟ್ಟಿಯ ತಳದಲ್ಲಿ ಕುಳಿತು ಅತ್ತಿತ್ತ ತೂಗಿದವು. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ಜಲ್ಲಿಗೆ, ತೊಟ್ಟಿಯ ಗೋಡೆಗೆ ಉಜ್ಜಿದವು. ಇನ್ನೊಂದು ಪ್ರಯೋಗದಲ್ಲಿ ಮಾರ್ಫಿನ್ ಕೊಟ್ಟಾಗ ಈ ತೂಗಾಟ, ಉಜ್ಜಾಟ ಗಣನೀಯವಾಗಿ ಇಳಿಯಿತು. ನೋವಿಲ್ಲದವನಿಗೆ ನೋವಿನ ಮದ್ದು ನಾಟುವುದೇಕೆ? ನನ್ನ ಮಟ್ಟಿಗೆ ವಾದ ಗೆದ್ದದ್ದು ಅಲ್ಲಿಯೇ.

ಎಲ್ಲರೂ ಒಪ್ಪಲಿಲ್ಲ. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಜೇಮ್ಸ್ ರೋಸ್ 2002ರಲ್ಲೇ ದೀರ್ಘ ಪ್ರಬಂಧ ಬರೆದು, ನೋವಿನ ಅರಿವಿಗೆ ಮಿದುಳಿನ ಹೊರಪದರವಾದ ನಿಯೋಕಾರ್ಟೆಕ್ಸ್ ಬೇಕು, ಮೀನಿಗೆ ಅದಿಲ್ಲ, ಆದ್ದರಿಂದ ಅದು ಪ್ರತಿಕ್ರಿಯಿಸಬಲ್ಲದೇ ಹೊರತು ನೋಯಲಾರದು ಎಂದಿದ್ದರು. ಜಗತ್ತಿನ ಗಾಳ ಸಂಘಗಳು ಈ ಪ್ರಬಂಧವನ್ನು ತಾಯಿತದಂತೆ ಕಟ್ಟಿಕೊಂಡವು. ಹಕ್ಕಿಗಳಿಗೂ ಅಂಥ ಪದರವಿಲ್ಲ, ಹಾಗಾದರೆ ಗಿಳಿಗೂ ನೋವಿಲ್ಲವೇ ಎಂಬ ಮರುಪ್ರಶ್ನೆ ಬಂತು. 2016ರಲ್ಲಿ ಆಸ್ಟ್ರೇಲಿಯಾದ ಬ್ರಯಾನ್ ಕೀ ಮತ್ತೆ ರೋಸ್ ಅವರ ಪಕ್ಷ ಹಿಡಿದು ಬರೆದಾಗ ಡಜನ್‌ಗಟ್ಟಲೆ ವಿಜ್ಞಾನಿಗಳು ಉತ್ತರಿಸಿದರು, ಬಹುಪಾಲು ವಿರೋಧವಾಗಿ.

ಪುರಾವೆ ಕೈಗೆ ಬಂದಾಗ ಪ್ರಾಣಿಹಕ್ಕಿನ ಚಳವಳಿ ಅದನ್ನು ಬಳಸಿದ ರೀತಿ ಮಾತ್ರ ಬೇಸರ ತರಿಸುತ್ತದೆ. 1980ರಲ್ಲಿ ಹುಟ್ಟಿದ ಪೆಟಾ ಸಂಸ್ಥೆ ಪ್ರಯೋಗಶಾಲೆಯ ಕೋತಿಗಳ ವಿಷಯದಲ್ಲಿ ದಿಟ್ಟ ಹೋರಾಟ ಮಾಡಿತ್ತು. ಅದರ ಸ್ಥಾಪಕಿ ಇಂಗ್ರಿಡ್ ನ್ಯೂಕರ್ಕ್ ಬಾಲ್ಯದ ಕೆಲವು ವರ್ಷಗಳನ್ನು ದೆಹಲಿಯಲ್ಲಿ ಕಳೆದವರು. ಮೀನಿನ ವಿಷಯಕ್ಕೆ ಬಂದಾಗ ಆ ಸಂಸ್ಥೆಗೆ ಹೆಸರು ಬದಲಾಯಿಸುವ ಹುಚ್ಚು ಹಿಡಿಯಿತು. ಪುರಾವೆ ಬರುವ ಮೊದಲೇ, 1996ರಲ್ಲಿ, ನ್ಯೂಯಾರ್ಕ್ ರಾಜ್ಯದ ಫಿಶ್‌ಕಿಲ್ ಎಂಬ ಊರು ತನ್ನ ಹೆಸರನ್ನು ಫಿಶ್‌ಸೇವ್ ಎಂದು ಬದಲಿಸಿಕೊಳ್ಳಬೇಕೆಂದು ಕೇಳಿತು. ಡಚ್ಚರ ಕಾಲದ ಆ ಹೆಸರಿಗೂ ಕೊಲ್ಲುವುದಕ್ಕೂ ಸಂಬಂಧವೇ ಇಲ್ಲ ಎಂದು ಊರಿನವರು ತಿಳಿಸಿ ಹೇಳಬೇಕಾಯಿತು. 2008ರಲ್ಲಿ ಮೀನುಗಳನ್ನೇ ‘ಸೀ ಕಿಟನ್’, ಕಡಲ ಬೆಕ್ಕಿನಮರಿ, ಎಂದು ಕರೆಯಬೇಕೆಂಬ ಪ್ರಚಾರ ಶುರುವಾಯಿತು. ಬೆಕ್ಕಿನಮರಿಯನ್ನು ಯಾರು ತಿಂದಾರು ಎಂಬುದು ಉಪಾಯ. ಸ್ಪಿಯರ್‌ಫಿಶ್ ಎಂಬ ಊರಿನ ಹೈಸ್ಕೂಲಿಗೂ ಹೆಸರು ಬದಲಿಸಿಕೊಳ್ಳಿ ಎಂದು ಪತ್ರ ಹೋಯಿತು. ಜನ ನಕ್ಕರು. ಮೀನಿಗೆ ಬೆಕ್ಕಿನ ಮುಖವಾಡ ತೊಡಿಸಿದರೆ ಮಾತ್ರ ಕರುಣೆ ಹುಟ್ಟುತ್ತದೆ ಎಂದು ಒಪ್ಪಿಕೊಂಡಂತಾಯಿತಲ್ಲ! ಅದಕ್ಕಿಂತ ತುಟಿಗೆ ಕೊಕ್ಕೆ ಸಿಕ್ಕಿದ ನಾಯಿಯ ಪೋಸ್ಟರ್ ಪರವಾಗಿಲ್ಲ. ನಾಯಿಗೆ ಹೀಗೆ ಮಾಡದವರು ಮೀನಿಗೇಕೆ ಮಾಡುತ್ತೀರಿ ಎಂಬ ಅದರ ಪ್ರಶ್ನೆ ಕನಿಷ್ಠ ಪ್ರಾಮಾಣಿಕವಾಗಿತ್ತು.

ರಾಜಕಾರಣಿಗಳು ಯಾವಾಗಲೂ ಮತ ಎಣಿಸಿಯೇ ಹೆಜ್ಜೆಯಿಡುವವರು. ಬ್ರಿಟನ್ನಿನ ಲೇಬರ್ ಸರ್ಕಾರ ನಾಯಿ ಬಿಟ್ಟು ನರಿ ಬೇಟೆಯಾಡುವುದನ್ನು 2004ರಲ್ಲಿ ನಿಷೇಧಿಸಿತು. ಮುಂದಿನ ಸರದಿ ಗಾಳದ್ದು ಎಂದು ಬೇಟೆಗಾರರು ಹೆದರಿಸಿದರು. ಹಾಗೇನೂ ಆಗಲಿಲ್ಲ. ನರಿ ಬೇಟೆಯವರು ಕೆಲವೇ ಜನ, ಅದರಲ್ಲೂ ಟೋರಿ ಪಕ್ಷದವರು. ಗಾಳ ಹಾಕುವವರು ಲಕ್ಷಗಟ್ಟಲೆ, ಅವರಲ್ಲಿ ಕಾರ್ಮಿಕರೇ ಬಹಳ. 2006ರ ಪ್ರಾಣಿ ಕಲ್ಯಾಣ ಕಾಯ್ದೆ ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಿಗೂ ಅನ್ವಯವಾಗುತ್ತದೆ, ಮೀನುಗಾರಿಕೆಯ ಸಹಜ ಕ್ರಮದಲ್ಲಿ ನಡೆಯುವುದೆಲ್ಲದಕ್ಕೂ ಅದರಲ್ಲಿ ವಿನಾಯಿತಿ ಇದೆ. ಮೀನಿಗೆ ನೋವಿದೆ, ಹಿಡಿಯುವಾಗ ಆ ನೋವು ಲೆಕ್ಕಕ್ಕಿಲ್ಲ. 2022ರಲ್ಲಿ ಇನ್ನೊಂದು ಕಾಯ್ದೆ ಬಂದು ಏಡಿ, ಸಿಗಡಿ, ಅಷ್ಟಪದಿಗಳನ್ನೂ ಅನುಭವಬಲ್ಲ ಜೀವಿಗಳೆಂದು ಒಪ್ಪಿತು. ಅದೂ ಮೀನುಗಾರಿಕೆಯ ಪದ್ಧತಿಗಳನ್ನು ಬದಲಿಸಲಿಲ್ಲ.

ಬಲೆಯ ವಿಷಯಕ್ಕೆ ಬರೋಣ. ಜಗತ್ತಿನ ಕೋಳಿ, ಕುರಿ, ಹಂದಿಗಳನ್ನು ತಲೆ ಎಣಿಸಿ ಲೆಕ್ಕ ಇಡುತ್ತಾರೆ. ಮೀನಿಗೆ ತಲೆಯೆಣಿಕೆ ಇಲ್ಲ, ಟನ್ ಲೆಕ್ಕ. 2010ರಲ್ಲಿ ಬ್ರಿಟನ್ನಿನ ಆಲಿಸನ್ ಮೂಡ್ ಎಂಬವರು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಅಂಕಿಅಂಶ ಹಿಡಿದು, ಪ್ರತಿ ಜಾತಿಯ ಟನ್‌ಗಳನ್ನು ಆ ಜಾತಿಯ ಸರಾಸರಿ ತೂಕದಿಂದ ಭಾಗಿಸಿ ನೋಡಿದರು. ಕಡಲು, ನದಿಗಳಿಂದ ವರ್ಷಕ್ಕೆ ಹಿಡಿಯುವ ಮೀನುಗಳ ಸಂಖ್ಯೆ ಸುಮಾರು 97 ಸಾವಿರ ಕೋಟಿಯಿಂದ 2.7 ಲಕ್ಷ ಕೋಟಿ ಎಂದು ಬಂತು. ಅಂದಾಜಿನ ಎರಡು ತುದಿಗಳ ನಡುವಿನ ಅಂತರವೇ ಮನುಷ್ಯರ ಒಟ್ಟು ಸಂಖ್ಯೆಯ ನೂರಾರು ಪಟ್ಟು.

ಈ ಲೆಕ್ಕದಿಂದ ಒಂದು ಇಕ್ಕಟ್ಟೂ ಹುಟ್ಟಿತು. ಇಪ್ಪತ್ತು ಗ್ರಾಂ ತೂಗುವ ಮೀನಾದರೆ ಒಂದು ಟನ್ನಿಗೆ ಐವತ್ತು ಸಾವಿರ ಜೀವ. ಕಡಲು ಉಳಿಯಬೇಕೆನ್ನುವ ಪರಿಸರವಾದಿ ದೊಡ್ಡ ಮೀನು ಬಿಡಿ, ಬೇಗ ಸಂತತಿ ಹೆಚ್ಚಿಸುವ ಚಿಕ್ಕ ಮೀನು ತಿನ್ನಿ ಎನ್ನುತ್ತಾನೆ. ಜೀವ ಎಣಿಸುವ ಪ್ರಾಣಿಹಕ್ಕಿನವನ ಲೆಕ್ಕದಲ್ಲಿ ಅದು ಘೋರ. ಅಂಜಲ್ ತಿಂದವನಿಗಿಂತ ಬೂತಾಯಿ ತಿಂದವನ ತಲೆಗೆ ಪಾಪ ಹೆಚ್ಚು. ಕೆನಡಾ ಸರ್ಕಾರ 1992ರ ಜುಲೈನಲ್ಲಿ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿದ್ದು ಕಾಡ್‌ಗೆ ನೋವಾಗುತ್ತದೆ ಎಂದಲ್ಲ, ಕಾಡ್ ಮುಗಿದುಹೋಗುತ್ತಿದೆ ಎಂದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಬಂದರಿನಲ್ಲೇ ಇರುವುದೂ ಸಂತತಿ ಬೆಳೆಯಲಿ ಎಂದು. ಸಂತತಿ ಉಳಿಸುವವರು ಮತ್ತು ಒಂದೊಂದು ಮೀನನ್ನು ಉಳಿಸುವವರು ಒಂದೇ ಮೆರವಣಿಗೆಯಲ್ಲಿ ನಡೆಯುವಂತೆ ಹೊರಗಿನವರಿಗೆ ಕಾಣುತ್ತದೆ, ಹೋಗುವ ಊರು ಬೇರೆ.

ಕೊಲ್ಲುವ ವಿಧಾನದಲ್ಲಿ ಮಾತ್ರ ಒಂದಿಷ್ಟು ಬದಲಾವಣೆ ಆಗಿದೆ. ಸಾಕಿದ ಮೀನನ್ನು ಗಾಳಿಯಲ್ಲೋ ಮಂಜುಗಡ್ಡೆಯಲ್ಲೋ ಉಸಿರುಗಟ್ಟಿಸುವ ಬದಲು ಪ್ರಜ್ಞೆ ತಪ್ಪಿಸಿ ಕೊಲ್ಲುವ ಯಂತ್ರಗಳು ಯುರೋಪಿನ ಕೆಲವು ಸಾಲ್ಮನ್, ಟ್ರೌಟ್ ಸಾಕಣೆ ಕೇಂದ್ರಗಳಲ್ಲಿವೆ. ಜಪಾನಿನ ಬೆಸ್ತರು ಎಷ್ಟೋ ಕಾಲದಿಂದ ಇಕೆಜಿಮೆ ಎಂಬ ಕ್ರಮದಲ್ಲಿ ಮೀನಿನ ಮಿದುಳಿಗೆ ಸೂಜಿಯಂಥ ಮೊಳೆ ಇಳಿಸಿ ಕ್ಷಣಾರ್ಧದಲ್ಲಿ ಕೊಲ್ಲುತ್ತಾರೆ. ಕಾರಣ ಕರುಣೆಯಲ್ಲ, ರುಚಿ; ಒದ್ದಾಡಿ ಸತ್ತ ಮೀನಿನ ಮಾಂಸ ಕೆಡುತ್ತದೆ. ಟ್ರಾಲ್ ಬಲೆಯಲ್ಲಿ ಸಾವಿರಗಟ್ಟಲೆ ಒಟ್ಟಿಗೆ ಬರುವ ಮೀನಿಗೆ ಸೂಜಿ ಹಿಡಿದು ಕೂರುವವರು ಯಾರು?

ಬಲೆಯನ್ನೂ ಮಾರುಕಟ್ಟೆಯನ್ನೂ ಹೆಸರಿಟ್ಟು ತಡೆದ ದೊರೆಯೊಬ್ಬ ನಮ್ಮಲ್ಲಿದ್ದ. ಅಶೋಕ ಪಟ್ಟಾಭಿಷೇಕವಾಗಿ 26 ವರ್ಷಗಳಾದಾಗ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ, ಅದರಲ್ಲಿ ಕೆಲವು ಮೀನುಗಳೂ ಇವೆ. ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿ, ಉಪವಾಸದ ದಿನಗಳಲ್ಲಿ ಮೀನು ಕೊಲ್ಲುವುದೂ ಇಲ್ಲ, ಮಾರುವುದೂ ಇಲ್ಲ. ಅದೇ ದಿನಗಳಲ್ಲಿ ಬೆಸ್ತರ ಮೀನುಗಾವಲುಗಳಲ್ಲಿ ಬೇರೆ ಜೀವಗಳನ್ನೂ ಕೊಲ್ಲಬಾರದು. ಒಂದು ಜೀವವನ್ನು ಇನ್ನೊಂದು ಜೀವಕ್ಕೆ ಮೇವಾಗಿಸಬಾರದು ಎಂಬ ಮಾತೂ ಅಲ್ಲಿದೆ. ಇಂದು ನಡೆಯುತ್ತಿರುವುದು ಅದಕ್ಕೆ ತದ್ವಿರುದ್ಧ: ಸಾಲ್ಮನ್ ಸಾಕುವವರು ಸಣ್ಣ ಮೀನು ಅರೆದ ಹಿಟ್ಟನ್ನು ಅದಕ್ಕೆ ತಿನ್ನಿಸುತ್ತಾರೆ. ನಮ್ಮ ಕರಾವಳಿಯಲ್ಲೂ ಬೂತಾಯಿ ಫಿಶ್‌ಮೀಲ್ ಕಾರ್ಖಾನೆಗೆ ಲಾರಿಗಟ್ಟಲೆ ಹೋಗುತ್ತದೆ. ಬಡವರ ಗಂಜಿಗೆ ಜೊತೆಯಾಗುತ್ತಿದ್ದ ಮೀನು ಎಲ್ಲಿಯದೋ ಸಿಗಡಿಯ ಮೇವಾಗುವುದರ ಬಗ್ಗೆ ಪ್ರಾಣಿಹಕ್ಕಿನವರು ದನಿಯೆತ್ತಿದರೆ ಮೀನುಗಾರ ಮೊಗವೀರರೂ ಕಿವಿಗೊಟ್ಟಾರು. ಮೀನು ತಿನ್ನುವುದನ್ನೇ ಹಳಿಯುತ್ತ ಬಂದರೆ ಅದು ಈ ದೇಶದಲ್ಲಿ ಜಾತಿಯ ಮಾತಾಗಿ ಕೇಳಿಸುತ್ತದೆ, ಕೇಳಿಸುವುದು ತಪ್ಪೂ ಅಲ್ಲ.

ಸ್ವಿಸ್ ಕಾನೂನು ಹಿಂಸೆ ಎನ್ನುವ ಹಿಡಿದು-ಬಿಡುವ ಗಾಳ ಕಾವೇರಿಯಲ್ಲಿ ಸಂರಕ್ಷಣೆಯ ಹೆಸರು ಪಡೆದಿತ್ತು. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಿಗೆ ದೇಶವಿದೇಶದ ಗಾಳಗಾರರು ಬರುತ್ತಿದ್ದದ್ದು ಮಹಶೀರ್ ಮೀನಿಗಾಗಿ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡಿನ ಮಹಶೀರ್ ಹಿಡಿದ ದಾಖಲೆಯಿದೆ. ಶಿಬಿರದ ಹುಡುಗರು ರಾಗಿ ಹಿಟ್ಟನ್ನು ಬೇಯಿಸಿ, ನಾದಿ, ಗಟ್ಟಿ ಉಂಡೆ ಕಟ್ಟಿ ಗಾಳದ ಕೊಕ್ಕೆಗೆ ಮೆತ್ತುತ್ತಿದ್ದರು. ಹರಿಗೋಲಿನಲ್ಲಿ ಮಡುವಿನ ಅಂಚಿಗೆ ಹೋಗಿ ದಾರ ಬಿಟ್ಟು ಕಾಯುತ್ತಿದ್ದರು. ಮೀನು ಸಿಕ್ಕರೆ ತೂಕ, ಜಾತಿ, ದಿನಾಂಕ ಬರೆದುಕೊಂಡು ನೀರಿಗೆ ಬಿಡುತ್ತಿದ್ದರು. ಮಾರ್ಗದರ್ಶಕರಲ್ಲಿ ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಇದ್ದರು. ಸಂಬಳ ಸಿಕ್ಕ ಮೇಲೆ ಡೈನಮೈಟ್ ಹಾಕುವವರನ್ನು ಅವರೇ ಕಾಯತೊಡಗಿದರು. ಆ ದಡ ವನ್ಯಧಾಮದೊಳಗಿತ್ತು. ವನ್ಯಜೀವಿ ಕಾಯ್ದೆಯ ಕಣ್ಣಿಗೆ ಗಾಳವೂ ಬೇಟೆಯೇ ಎಂದು ಕಂಡು ಶಿಬಿರಗಳ ಗಾಳಗಾರಿಕೆ ನಿಂತಿತು.

ನಿಂತ ಮೇಲೆ ಆ ದಾಖಲೆಗಳನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕೂತು ಓದಿದರು. 1998ರಿಂದ 2012ರವರೆಗಿನ ಗಾಲಿಬೋರೆಯ ಲೆಕ್ಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳಿದ್ದವು. ಹೊರಗಿನಿಂದ ತಂದು ಬಿಟ್ಟದ್ದೆಂದು ನಂಬಲಾದ ನೀಲಿರೆಕ್ಕೆಯ ಜಾತಿ ವರ್ಷದಿಂದ ವರ್ಷಕ್ಕೆ ಹೆಚ್ಚಿತ್ತು, ಕಾವೇರಿಯದೇ ಆದ ಡುಬ್ಬದ ಮಹಶೀರ್ ಕರಗುತ್ತ ಬಂದಿತ್ತು. ಅಲ್ಲಿಯವರೆಗೆ ಈ ಡುಬ್ಬದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೂ ಗೊತ್ತುಪಡಿಸಿರಲಿಲ್ಲ. 2018ರಲ್ಲಿ ಅದನ್ನು ಟಾರ್ ರೆಮಾದೇವಿ ಎಂದು ಗುರುತಿಸಲಾಯಿತು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಯಾಗಿ ಸೇರಿದಾಗ ಮುಂದಿಟ್ಟ ಸಾಕ್ಷ್ಯಗಳಲ್ಲಿ ಗಾಳಗಾರರ ಆ ದಾಖಲೆಗಳೂ ಇದ್ದವು.